ಬ್ರೀದರ್ ಮೇಲಿನ ಹೆಬ್ಬೆಟ್ಟು

ಚೆಟ್ಟಳ್ಳಿಯಲ್ಲಿ ಜೀಪು ಕೆಟ್ಟರೆ ಜನ ಮೊದಲು ಅದನ್ನು ಮಾರಿದವನಿಗೆ ಬೈಯುತ್ತಾರೆ, ಆಮೇಲೆ ಸಣ್ಣಸ್ವಾಮಿಗೆ ಫೋನ್ ಮಾಡುತ್ತಾರೆ. ಪೇಟೆ ಮುಗಿದು ಕಾಫಿತೋಟ ಶುರುವಾಗುವ ತಿರುವಿನಲ್ಲಿ ಅವನ ವರ್ಕ್‌ಶಾಪ್. ವರ್ಕ್‌ಶಾಪ್ ಅನ್ನುವುದು ಬೋರ್ಡಿನಲ್ಲಿ ಅವನು ಬರೆಸಿಕೊಂಡ ಮಾತು. ಕಣ್ಣಿಗೆ ಕಾಣುವುದು ಕಂಬಗಳ ಮೇಲೆ ಕೂರಿಸಿದ ತಗಡಿನ ಶೀಟು, ಕೆಳಗೊಂದು ಗುಂಡಿ, ಗುಂಡಿಯ ಮೇಲೆ ಯಾರದೋ ಜೀಪು. ನನ್ನದೂ ಒಂದು ಹಳೆಯ ಜೀಪಿರುವುದರಿಂದ ಆ ಶೀಟಿನಡಿ ಮುರುಕು ಬೆಂಚಿನ ಮೇಲೆ ನಾನು ಕಳೆದಷ್ಟು ಹೊತ್ತು ನನ್ನ ಮನೆಯ ಜಗಲಿಯಲ್ಲೂ ಕಳೆದಿಲ್ಲ ಎಂದು ಮನೆಯವರ ದೂರು. ದೂರು ಸುಳ್ಳಲ್ಲ.

ಸಣ್ಣಸ್ವಾಮಿ ಕೆಲಸ ಬಲ್ಲವನು, ಅದರಲ್ಲಿ ಎರಡು ಮಾತಿಲ್ಲ. ಬಲ್ಲೆ ಎನ್ನುವುದನ್ನು ಬಾಯಿಬಿಟ್ಟು ಹೇಳದೆ ಇರಲಾರ ಎನ್ನುವುದರಲ್ಲೂ ಎರಡು ಮಾತಿಲ್ಲ. ಅವನ ತಾತನ ಕಾಲದಲ್ಲಿ ಮನೆಯವರು ಹಾಸನದ ಕಡೆಯಿಂದ ಬಂದು ಕುಶಾಲನಗರದ ಬಳಿ ಹೊಲ ಮಾಡಿಕೊಂಡರು. ಇವನಿಗೆ ಹೊಲ ಹಿಡಿಸಲಿಲ್ಲ. ಸೋಮವಾರಪೇಟೆಯಲ್ಲಿ ಎಲ್ಲರೂ ಉಸ್ತಾದ್ ಎಂದು ಕರೆಯುತ್ತಿದ್ದ ಮೆಕ್ಯಾನಿಕ್ ಒಬ್ಬರ ಕೈಕೆಳಗೆ ಪಳಗಿ, ಅವರು ತೀರಿಕೊಂಡ ಮೇಲೆ ಇಲ್ಲಿಗೆ ಬಂದು ಶೀಟು ಹಾಕಿದ. ದೂರದಲ್ಲಿ ಜೀಪಿನ ಸದ್ದು ಕೇಳಿದರೆ ಇಂಥವರದು, ಇಂಥ ಗೇರಿನಲ್ಲಿ ಬರುತ್ತಿದೆ ಎಂದು ಹೇಳುತ್ತಿದ್ದ. ಬಹಳ ಸಲ ಸರಿಯಾಗಿರುತ್ತಿತ್ತು. ತಪ್ಪಾದಾಗ ಡ್ರೈವರಿಗೆ ಗೇರ್ ಹಾಕಲು ಬರುವುದಿಲ್ಲ ಎನ್ನುತ್ತಿದ್ದ. ನಾವು ನಗುತ್ತಿದ್ದೆವು. ಅಂದು ನಕ್ಕಿದ್ದರಲ್ಲಿ ನಮ್ಮದೂ ಸ್ವಲ್ಪ ತಪ್ಪಿದೆ ಎಂದು ಈಗ ಅನ್ನಿಸುತ್ತದೆ.

ನಮ್ಮ ಕಡೆ ಜೀಪುಗಳಿಗೆ ಮಳೆಗಾಲದ್ದೇ ಒಂದು ಕಾಯಿಲೆ ಇದೆ. ತೋಟದೊಳಗೆ ಹರಿಯುವ ತೋಡು, ಅಂದರೆ ಸಣ್ಣ ಹಳ್ಳ, ದಾಟದೆ ಯಾರಿಗೂ ಗತಿಯಿಲ್ಲ. ಹಿಂದಿನ ಎರಡು ಚಕ್ರಗಳ ನಡುವೆ ಗುಂಡಗೆ ಒಂದು ಕಬ್ಬಿಣದ ಗೂಡಿರುತ್ತದಲ್ಲ, ಡಿಫರೆನ್ಷಿಯಲ್, ಅದರೊಳಗೆ ಹಲ್ಲುಚಕ್ರಗಳು ಎಣ್ಣೆಯಲ್ಲಿ ಮುಳುಗಿ ತಿರುಗುತ್ತವೆ. ಏರು ಹತ್ತಿ ಬಿಸಿಯಾದ ಆ ಗೂಡು ತೋಡಿನ ತಣ್ಣೀರಿಗೆ ಇಳಿದ ಕೂಡಲೆ ಒಳಗಿನ ಗಾಳಿ ಕುಗ್ಗಿ ಹೊರಗಿನ ನೀರನ್ನು ಎಳೆದುಕೊಳ್ಳುತ್ತದೆ. ಎಳೆದುಕೊಳ್ಳುವುದು ನೆತ್ತಿಯ ಮೇಲಿರುವ ಬೆರಳ ತುದಿಯಷ್ಟು ಸಣ್ಣ ಮೂತಿಯಿಂದ. ಅದಕ್ಕೆ ಬ್ರೀದರ್ ಎನ್ನುತ್ತಾರೆ. ನೀರು ಹೊಕ್ಕರೆ ಎಣ್ಣೆ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ, ಹಲ್ಲುಗಳು ಹಾಳಾಗುತ್ತವೆ.

ಇದಕ್ಕೆ ಉಸ್ತಾದರದು ಒಂದು ಮದ್ದಿತ್ತು. ಮಳೆ ಹಿಡಿಯುವ ಮುಂಚೆ ಜೇನುಮೇಣದ ಉಂಡೆಯೊಂದನ್ನು ಬೆರಳಲ್ಲಿ ನಾದಿ ಬ್ರೀದರಿನ ಮೂತಿಗೆ ಒತ್ತುತ್ತಿದ್ದರು. ಜೇನಿಗೇನು ಕೊಡಗಿನಲ್ಲಿ ಬರವೇ, ಮೇಣ ಎಲ್ಲರ ಮನೆಯಲ್ಲೂ ಇರುತ್ತಿತ್ತು. ಅದು ವಾರ ಹತ್ತು ದಿನಕ್ಕೆ ಬಿದ್ದುಹೋಗುತ್ತಿತ್ತು, ಡ್ರೈವರು ಮತ್ತೆ ಒತ್ತಬೇಕು. ಬೀಳದಂಥದ್ದು ಏನಾದರೂ ಹಾಕಬಾರದೆ ಎಂದು ಸಣ್ಣಸ್ವಾಮಿ ಒಮ್ಮೆ ಕೇಳಿದ್ದನಂತೆ. ಉಸ್ತಾದರು ಯಾವುದಕ್ಕೂ ಕಾರಣ ಹೇಳುವ ಪೈಕಿಯಲ್ಲ. ಹೇಳಿದಷ್ಟು ಮಾಡು ಎಂದಿದ್ದರು. ಗುರುಗಳಿಗೆ ಬೇರೇನೂ ಗೊತ್ತಿರಲಿಲ್ಲ, ಪಾಪ, ಎಂದು ಇವನು ಅರ್ಥಮಾಡಿಕೊಂಡ.

ಈಗ ಮೊಣ್ಣಪ್ಪನವರ ಬಗ್ಗೆ ಹೇಳಬೇಕು. ಅವರು ನೀಲಾವತಿಯವರ ತೋಟದ ಡ್ರೈವರು. ನೀಲಾವತಿಯವರು ಗಂಡ ತೀರಿಕೊಂಡ ಮೇಲೆ ತೋಟವನ್ನು ತಾವೇ ನಡೆಸುತ್ತಿರುವವರು, ಮಾತಿನಲ್ಲಿ ಬಿಗಿ, ಲೆಕ್ಕದಲ್ಲಿ ಇನ್ನೂ ಬಿಗಿ. ಮೊಣ್ಣಪ್ಪ ಅವರ ಮಾವನ ಕಾಲದಿಂದ ಆ ಮನೆಯ ಜೀಪು ಓಡಿಸಿದವರು. ಇಬ್ಬರದೂ ಅರೆಭಾಷೆ ಮಾತಾಡುವ ಮನೆ, ದೂರದ ನೆಂಟಸ್ತಿಕೆಯೂ ಇದೆ. ಅರವತ್ತರ ಹತ್ತಿರದ ಈ ಮನುಷ್ಯನಿಗೆ ಮಾತು ಕಡಿಮೆ, ಬೀಡಿಯಿಲ್ಲ, ಹಾರನ್ ಕೂಡ ಅಪರೂಪ. ಭಾನುವಾರ ತೋಟಕ್ಕೆ ರಜೆಯಾದ್ದರಿಂದ ಶನಿವಾರ ಸಂಜೆ ಜೀಪನ್ನು ಇಳಿಜಾರಿನ ತಮ್ಮ ಮನೆಗೆ ಒಯ್ದು ಸೋಮವಾರ ಬೆಳಿಗ್ಗೆ ತರುವುದು ಮೊದಲಿನಿಂದ ನಡೆದುಬಂದ ರೂಢಿ.

ಅವರದು ಇನ್ನೊಂದು ರೂಢಿ ಇತ್ತು. ರಿಪೇರಿಯಾದ ಜೀಪನ್ನು ಒಯ್ಯುವ ಮುಂಚೆ ಡ್ರೈವರುಗಳೆಲ್ಲ ಬಗ್ಗಿ ಅಡಿಭಾಗ ನೋಡುತ್ತಾರೆ, ಬೆರಳಲ್ಲಿ ಒರೆಸಿ ಎಣ್ಣೆ ಹತ್ತುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ಮೊಣ್ಣಪ್ಪ ಒಮ್ಮೆಯೂ ಬಗ್ಗಿದವರಲ್ಲ. ಆಯಿತೇ ಎಂದು ಕೇಳುವರು, ಆಯಿತು ಎಂದರೆ ಕೀ ಈಸಿಕೊಂಡು ಹತ್ತಿ ಹೋಗುವರು. ಸಣ್ಣಸ್ವಾಮಿಗೆ ಇದು ದೊಡ್ಡ ಹೆಮ್ಮೆ. ಬೇರೆಯವರು ಬಗ್ಗಿ ನೋಡಿದಾಗಲೆಲ್ಲ, ಮೊಣ್ಣಪ್ಪಣ್ಣನ್ನ ನೋಡಿ ಕಲೀರಿ ಎಂದು ಚುಚ್ಚುತ್ತಿದ್ದ.

ಆ ವರ್ಷ ಜೂನ್ ಮೊದಲಿಗೆ ಮೊಣ್ಣಪ್ಪ ಮಳೆಗಾಲದ ತಯಾರಿಗೆಂದು ಜೀಪು ತಂದರು. ಸಣ್ಣಸ್ವಾಮಿ ಮೇಣದ ಡಬ್ಬಿ ತೆಗೆಯಲಿಲ್ಲ. ಎರಡು ಬಣ್ಣದ ಪುಟ್ಟಿಯನ್ನು ಕಲಸಿದ. ಕಲಸಿ ಹಚ್ಚಿದರೆ ಗಂಟೆಯೊಳಗೆ ಕಲ್ಲಾಗುವ, ನೀರಿನ ಟ್ಯಾಂಕು ಸೋರಿದರೆ ನಾವೆಲ್ಲ ಮೆತ್ತುವ ಪುಟ್ಟಿ. ಅದನ್ನು ಬ್ರೀದರಿನ ಮೂತಿಯ ಮೇಲಿಟ್ಟು ಹೆಬ್ಬೆಟ್ಟಿನಿಂದ ಚೆನ್ನಾಗಿ ಅಮುಕಿದ.

“ಮೇಣ ಸಾಕಿತ್ತಲ್ವಾ?” ಎಂದರು ಮೊಣ್ಣಪ್ಪ.

“ಮೇಣ ಬಿದ್ದೋಯ್ತದೆ ಮೊಣ್ಣಪ್ಪಣ್ಣ. ಇದು ನೀವು ರಿಟೈರ್ ಆದ್ರೂ ಬೀಳಾಕಿಲ್ಲ.”

ಬೆಂಚಿನ ಮೇಲಿದ್ದ ನಾವು ನಕ್ಕೆವು. ಮೊಣ್ಣಪ್ಪನವರೂ ನಕ್ಕರು, ಕೀ ಈಸಿಕೊಂಡು ಹೋದರು.

ಜೂನ್ ಕೊನೆಗೆ ನೀಲಾವತಿಯವರ ಕಣದಲ್ಲಿ ಎಣ್ಣೆಯ ಕಲೆ ಕಾಣಿಸಿಕೊಂಡಿತು. ಕಾಫಿ ಒಣಗಿಸುವ ಸಿಮೆಂಟಿನ ಕಣ ಅದು. ಅಲ್ಲಿ ಎಣ್ಣೆ ಬೀಳುವುದನ್ನು ಬೆಳೆಗಾರರು ಸಹಿಸುವುದಿಲ್ಲ, ಏಕೆಂದರೆ ಕಾಫಿಬೀಜಕ್ಕೆ ಯಾವ ವಾಸನೆ ತಗುಲಿದರೂ ಬಿಡುವುದಿಲ್ಲ. ಜೀಪು ಸಣ್ಣಸ್ವಾಮಿಯ ಗುಂಡಿಗೆ ಬಂತು. ಡಿಫರೆನ್ಷಿಯಲ್‌ಗೆ ಶಾಫ್ಟು ಸೇರುವ ಕಡೆಯ ಆಯಿಲ್ ಸೀಲ್ ಸೋರುತ್ತಿತ್ತು. ಎಣ್ಣೆ ಹೊರಬರದಂತೆ ತಿರುಗುವ ಶಾಫ್ಟಿನ ಸುತ್ತ ತುಟಿ ಬಿಗಿದುಕೊಂಡಿರುವ ರಬ್ಬರಿನ ಬಳೆಯೇ ಈ ಸೀಲು. ಇದೇನು ದೊಡ್ಡ ಕಾಯಿಲೆಯಲ್ಲ. ಒಂದು ರಾತ್ರಿ ಜೀಪು ಅಲ್ಲೇ ನಿಂತಿತು. ಬೆಳಿಗ್ಗೆ ಅವನು ಉದ್ದನೆಯ ಶಾಫ್ಟು ಬಿಚ್ಚಿದ, ನಟ್ಟು ಸಡಿಲಿಸುವ ಮುಂಚೆ ಎಷ್ಟು ಬಿಗಿಯಿತ್ತು ಎನ್ನುವುದಕ್ಕೆ ಗುರುತು ಕೆತ್ತಿದ, ಹಳೆಯ ಸೀಲನ್ನು ಕೊಕ್ಕೆಯಿಂದ ಕಿತ್ತ, ಹೊಸದರ ತುಟಿಗೆ ಗ್ರೀಸು ಸವರಿ ಮರದ ತುಂಡಿಟ್ಟು ಸುತ್ತ ಸಮನಾಗಿ ತಟ್ಟಿ ಕೂರಿಸಿದ. ಅವನ ಕೈಕೆಲಸದಲ್ಲಿ ಹುಳುಕು ಹುಡುಕಲು ಆಗುವುದಿಲ್ಲ. ಮೊಣ್ಣಪ್ಪ ಬಂದರು, ಆಯಿತೇ ಎಂದು ಕೇಳಿದರು, ಬಗ್ಗದೆ ಹೋದರು.

ಜುಲೈ ನಡುವೆ ಮತ್ತೆ ಕಲೆ. ಮತ್ತೆ ಜೀಪು ರಾತ್ರಿಯಿಡೀ ಗುಂಡಿಯ ಮೇಲೆ, ಮತ್ತೆ ಹೊಸ ಸೀಲು. ಈ ಸಲ ಶಾಫ್ಟಿನ ಮೇಲೆ ಗೀರು ಬಿದ್ದಿದೆಯೇ ಎಂದು ಉಗುರಿನಿಂದ ಸವರಿ ನೋಡಿದ, ಬೇರಿಂಗ್ ಅಲ್ಲಾಡುತ್ತದೆಯೇ ಎಂದು ನೋಡಿದ, ಅಂಗಡಿಯವನು ಕಳಪೆ ಮಾಲು ಕೊಟ್ಟನೆಂದು ಬೈದು ಬೇರೆ ಅಂಗಡಿಯದು ತರಿಸಿದ. ಬ್ರೀದರಿನ ಕಡೆ ಕೈ ಹೋಗಲಿಲ್ಲ. ಅದು ಜೂನ್‌ನಲ್ಲೇ ತಾನು ಮಾಡಿ ಮುಗಿಸಿದ ಕೆಲಸ. ತಾನು ಮುಗಿಸಿದ್ದನ್ನು ಸಣ್ಣಸ್ವಾಮಿ ಮತ್ತೆ ನೋಡುತ್ತಿರಲಿಲ್ಲ.

ಮೂರನೆಯ ಕಲೆ ಬಿದ್ದಾಗ ನೀಲಾವತಿಯವರೇ ವರ್ಕ್‌ಶಾಪಿಗೆ ಬಂದರು. ಆವತ್ತು ನಾನೂ ಬೆಂಚಿನ ಮೇಲಿದ್ದೆ, ಪಕ್ಕದ ತೋಟದಲ್ಲಿ ಲೆಕ್ಕ ಬರೆಯುವ ರೈಟರೂ ಇದ್ದರು. ನೀಲಾವತಿಯವರು ಜೋರು ಮಾಡಲಿಲ್ಲ. ಒಂದು ಸೀಲು ಎಷ್ಟು ಸಲ ಹಾಕುವುದು, ನಿಮಗೆ ಆಗದಿದ್ದರೆ ಆಗುವುದಿಲ್ಲ ಎಂದು ಹೇಳಿಬಿಡಿ ಎಂದರು. ಅಷ್ಟೇ. ಆದರೆ ಅದು ನಮ್ಮೆದುರು ಕೇಳಿದ ಮಾತು. ಸಣ್ಣಸ್ವಾಮಿಯ ಕಿವಿ ಕೆಂಪಾಯಿತು. ಕೈ ಒರೆಸುವ ಬಟ್ಟೆಯನ್ನು ಸುಮ್ಮನೆ ಹಿಂಡುತ್ತ ನಿಂತ.

“ಸೀಲ್ ತಪ್ಪಲ್ಲ ಅಕ್ಕ, ನನ್ನ ಕೈ ತಪ್ಪೂ ಅಲ್ಲ” ಎಂದ. “ಹೆಚ್ಗೆ ಬಿಸಿಯಾದ್ರೆ ಸೀಲ್ ಉಗೀತದೆ. ತೋಟದೊಳಗೆ ಓಡಿದ್ರೆ ಅಷ್ಟು ಬಿಸಿ ಆಗಾಕಿಲ್ಲ. ಭಾನುವಾರ ಜೀಪ್ ಎಲ್ಲಿರ್ತದೆ, ಒಸಿ ವಿಚಾರಿಸಿ.”

ಕೊಡಗಿನಲ್ಲಿ ಈ ಮಾತಿಗೆ ಅರ್ಥ ಬಿಡಿಸಿ ಹೇಳಬೇಕಿಲ್ಲ. ಭಾನುವಾರ ಬಂತೆಂದರೆ ಟೂರಿಸ್ಟರು ಬೆಟ್ಟ ಹತ್ತಲು ಜೀಪು ಹುಡುಕಿಕೊಂಡು ನಿಂತಿರುತ್ತಾರೆ. ಮಾಲೀಕರ ಜೀಪನ್ನು ಕದ್ದು ಬೆಟ್ಟಕ್ಕೆ ಓಡಿಸಿ ಕಾಸು ಮಾಡುವ ಡ್ರೈವರುಗಳ ಕತೆ ಎಲ್ಲರ ಬಾಯಲ್ಲೂ ಇದೆ. ಸಣ್ಣಸ್ವಾಮಿ ಮೊಣ್ಣಪ್ಪನವರನ್ನು ಬೆಟ್ಟದಲ್ಲಿ ಕಂಡಿರಲಿಲ್ಲ. ಕಂಡವರ ಬಾಯಿಂದ ಕೇಳಿಯೂ ಇರಲಿಲ್ಲ. ಆ ಪ್ರಶ್ನೆ ತನ್ನ ಮೈಮೇಲಿಂದ ಇಳಿದುಹೋದರೆ ಸಾಕಾಗಿತ್ತು, ಹತ್ತಿರ ಸಿಕ್ಕಿದ ಬೆನ್ನಿನ ಮೇಲೆ ಅದನ್ನು ಹೊರಿಸಿದ. ಇದನ್ನು ಅವನೇ ಆಮೇಲೆ ನನಗೆ ಹೇಳಿದ್ದು, ಹೇಳುವಾಗ ನನ್ನ ಮುಖ ನೋಡಲಿಲ್ಲ.

ನೀಲಾವತಿಯವರು ಮೊಣ್ಣಪ್ಪನವರನ್ನು ಏನೂ ಕೇಳಲಿಲ್ಲ. ಹಿರಿಯರು, ಕೇಳಿದರೆ ನೊಂದುಕೊಳ್ಳುತ್ತಾರೆ ಎಂದು ಅವರ ಲೆಕ್ಕ. ಕೀಯನ್ನು ಇನ್ನುಮೇಲೆ ಆಫೀಸಿನ ಮೊಳೆಗೆ ಹಾಕಿ, ಸದ್ಯಕ್ಕೆ ಜೀಪು ನಾನೇ ಓಡಿಸುತ್ತೇನೆ, ನೀವು ವಿಶ್ರಾಂತಿ ತೆಗೆದುಕೊಳ್ಳಿ ಎಂದರು. ಕೇಳಿದ್ದರೆ ಆ ಮನುಷ್ಯ ಒಂದು ಉತ್ತರವನ್ನಾದರೂ ಕೊಡಬಹುದಿತ್ತು. ಮೊಣ್ಣಪ್ಪ ಕೀಯನ್ನು ಮೊಳೆಗೆ ಹಾಕಿ ಕಾಲುದಾರಿಯಲ್ಲಿ ಇಳಿದು ಮನೆಗೆ ಹೋದರು.

ಅವರಿಗೆ ಗೊತ್ತಾಗದೆ ಇರುತ್ತದೆಯೇ. ರೈಟರು ಅಲ್ಲಿದ್ದರು, ನಾನಿದ್ದೆ, ಊರಿಗೆ ಸುದ್ದಿ ಹೋಗಲು ಇನ್ನೆಷ್ಟು ಬೇಕು. ಮೊಣ್ಣಪ್ಪ ಟೂರಿಸ್ಟ್ ಓಡಿಸುತ್ತಿದ್ದರಂತೆ ಎಂದು ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ಕೇಳಿತು, ಹಾಲಿನ ಡೈರಿಯಲ್ಲಿ ಕೇಳಿತು. ಅಂತೆ ಎನ್ನುವುದು ಬೇಗ ಉದುರಿಹೋಯಿತು, ಉಳಿದದ್ದು ಗಟ್ಟಿಯಾಯಿತು. ಮೊಣ್ಣಪ್ಪ ಪೇಟೆಯ ರಸ್ತೆ ಬಿಟ್ಟರು. ಏನಾದರೂ ಬೇಕಿದ್ದರೆ ತೋಟದ ಹಿಂದಿನ ಜಿಗಣೆಯ ದಾರಿಯಲ್ಲಿ ಸುತ್ತಿ ಬಂದು, ತೆಗೆದುಕೊಂಡು, ಹಾಗೇ ಸುತ್ತಿ ಹೋಗುತ್ತಿದ್ದರು. ಒಂದು ಸಾವಿನ ಮನೆಯಲ್ಲಿ ಅವರು ಜನರ ನಡುವೆ ಕೂರದೆ ಹಿತ್ತಲಿನ ಕಟ್ಟಿಗೆ ರಾಶಿಯ ಬಳಿ ನಿಂತಿದ್ದನ್ನು ನಾನು ಕಂಡೆ. ಹೋಗಿ ಮಾತಾಡಿಸಲಿಲ್ಲ.

ಆಗಸ್ಟ್ ಮೊದಲಿಗೆ ನೀಲಾವತಿಯವರು ತಾವೇ ಜೀಪು ಓಡಿಸಿಕೊಂಡು ಸೀಲು ಹಾಕಿಸಲು ಬಂದರು. ಸಂಜೆ ಬೇಕೇ ಬೇಕು, ಕೆಲಸದವರ ಲೈನ್ ಮನೆಗಳಿಗೆ ಅಕ್ಕಿ ಇಳಿಸಬೇಕು, ರಾತ್ರಿ ಬಿಡುವುದಕ್ಕಾಗುವುದಿಲ್ಲ ಎಂದರು. ಹಿಂದಿನ ಎರಡು ಸಲವೂ ಸಣ್ಣಸ್ವಾಮಿ ಆರಿ ತಣ್ಣಗಾದ ಜೀಪನ್ನೇ ಬಿಚ್ಚಿದ್ದು. ಈ ಸಲ ಏರು ಹತ್ತಿ ಬಂದ ಬಿಸಿ ಜೀಪಿನಡಿಗೆ ಇಳಿದು ಎಣ್ಣೆ ತುಂಬುವ ಬಿರಡೆಗೆ ಸ್ಪ್ಯಾನರ್ ಹಾಕಿದ. ಬಿರಡೆ ಸಡಿಲವಾದದ್ದೇ ತಡ, ಕುಕ್ಕರಿನ ಹಾಗೆ ಉಸ್ಸೆಂದು ಗಾಳಿ ನುಗ್ಗಿ ಬಿಸಿ ಎಣ್ಣೆ ಅವನ ಮುಖಕ್ಕೆ ಎರಚಿತು.

ಕಣ್ಣು ಒರೆಸಿಕೊಂಡು ಅಲ್ಲೇ ಕೂತ. ಗಾಳಿ ಯಾಕೆ ನುಗ್ಗಬೇಕು? ಒಳಗೆ ತುಂಬಿಕೊಂಡಿದ್ದರಿಂದ. ಯಾಕೆ ತುಂಬಿಕೊಳ್ಳಬೇಕು? ಹೋಗಲು ದಾರಿಯಿಲ್ಲದ್ದರಿಂದ. ಕೈ ಮೇಲೆತ್ತಿ ಡಿಫರೆನ್ಷಿಯಲ್ಲಿನ ನೆತ್ತಿಯನ್ನು ತಡವಿದ. ಮಣ್ಣಿನಡಿ ಪುಟ್ಟಿ ಕಲ್ಲಿನಂತೆ ಕೂತಿತ್ತು. ಟಾರ್ಚಿನ ಬೆಳಕು ಬಿಟ್ಟು, ಮಣ್ಣು ಒರೆಸಿ ನೋಡಿದರೆ ಅದರ ಮೇಲೆ ಅವನದೇ ಹೆಬ್ಬೆಟ್ಟಿನ ಗುರುತು, ಗೆರೆ ಗೆರೆಯಾಗಿ, ಜೂನ್‌ನಲ್ಲಿ ಒತ್ತಿದ ಹಾಗೇ ಇತ್ತು.

ಉಸ್ತಾದರ ಮೇಣ ಯಾಕೆ ಬೀಳುತ್ತಿತ್ತು ಎನ್ನುವುದು ಆಗ ತಿಳಿಯಿತು. ಬೀಳಲೆಂದೇ ಅವರು ಅದನ್ನು ಹಾಕುತ್ತಿದ್ದರು. ತೋಡಿನ ತಣ್ಣೀರಿನಲ್ಲಿ ಗಟ್ಟಿಯಾಗಿ ಬಾಯಿ ಮುಚ್ಚಿಕೊಂಡಿರುವ ಮೇಣ, ಏರಿನಲ್ಲಿ ಒಳಗೆ ಕಾದರೆ ಮೆತ್ತಗಾಗಿ ಗಾಳಿಗೆ ದಾರಿ ಬಿಡುತ್ತಿತ್ತು. ಪುಟ್ಟಿ ಬಿಡಲಿಲ್ಲ. ದಾರಿ ಸಿಗದ ಗಾಳಿ ಪ್ರತಿ ಸಲವೂ ಸೀಲಿನ ತುಟಿಯನ್ನು ತಳ್ಳಿ ಎಣ್ಣೆಯೊಂದಿಗೆ ಹೊರಬಂದಿತ್ತು. ಮೂರು ಸೀಲನ್ನೂ ಕೆಡಿಸಿದವನು ಸಣ್ಣಸ್ವಾಮಿಯೇ.

ಗುಂಡಿಯ ಮೇಲೆ ನೀಲಾವತಿಯವರು ಫೋನಿನಲ್ಲಿ ಮಾತಾಡುತ್ತಿದ್ದರು. ಅವರ ಚಪ್ಪಲಿ ಇವನ ಕಣ್ಣಿನ ಮಟ್ಟಕ್ಕೆ ಕಾಣುತ್ತಿತ್ತು. ಅಲ್ಲಿಂದಲೇ ಅಕ್ಕಾ ಎಂದು ಕರೆದಿದ್ದರೆ ಮುಗಿಯುತ್ತಿತ್ತು. ಸಣ್ಣಸ್ವಾಮಿ ಕರೆಯಲಿಲ್ಲ. ಅವರ ಮಾತಿನ ಸದ್ದಿನಲ್ಲಿ ಉಳಿಯನ್ನು ಮೆಲ್ಲಗೆ ತಟ್ಟಿ ಪುಟ್ಟಿಯನ್ನು ಕಿತ್ತ, ಕಿತ್ತದ್ದನ್ನು ಅಂಗಿಯ ಜೇಬಿಗೆ ಹಾಕಿಕೊಂಡ, ಮೂತಿಯನ್ನು ತಂತಿಯಿಂದ ಚುಚ್ಚಿ ಶುಚಿ ಮಾಡಿದ, ಸೀಲು ಬದಲಿಸಿದ. ಮೇಲೆ ಬಂದು, ಇನ್ನು ಸೋರುವುದಿಲ್ಲ ಅಕ್ಕ ಎಂದ. ಸುಳ್ಳೇನೂ ಹೇಳಲಿಲ್ಲವಲ್ಲ ಎಂದು ಆ ಹೊತ್ತಿಗೆ ತನಗೆ ತಾನೇ ಸಮಾಧಾನ ಮಾಡಿಕೊಂಡನಂತೆ.

ಜೀಪು ಸೋರಲಿಲ್ಲ. ಡ್ರೈವರ್ ಬದಲಾದ, ಸೋರುವುದು ನಿಂತಿತು. ಇನ್ನೇನು ಸಾಕ್ಷಿ ಬೇಕು ಎಂದಿತು ಊರು. ಸಣ್ಣಸ್ವಾಮಿ ಜೀಪಿನಡಿ ಮಲಗಿ ಡ್ರೈವರಿನ ಬುದ್ಧಿ ಓದುತ್ತಾನೆ ಎಂದು ಹೆಸರಾಯಿತು. ಪಕ್ಕದ ತೋಟದ ಮಾಲೀಕರು ಬಂದು, ನಮ್ಮ ಡ್ರೈವರ್ ಅಭಿಲಾಷನ ಕೈ ಹೇಗೆ, ಸ್ವಲ್ಪ ಅಡಿ ನೋಡಿ ಹೇಳಿ ಎಂದರು. ಮೊದಲಿನ ಸಣ್ಣಸ್ವಾಮಿಯಾಗಿದ್ದರೆ ಅರ್ಧ ಗಂಟೆ ಭಾಷಣ ಬಿಗಿಯುತ್ತಿದ್ದ. ಈಗ, ಒಳ್ಳೆ ಕೈ ಸಾರ್, ಬಹಳ ಒಳ್ಳೆ ಕೈ ಎಂದು ನೋಡದೆಯೇ ಹೇಳಿ ಅವರನ್ನು ಸಾಗಹಾಕಿದ. ದೂರದ ಜೀಪಿನ ಸದ್ದು ಗುರುತು ಹಿಡಿಯುವ ಆಟವೂ ನಿಂತಿತು. ಏನಪ್ಪ, ಕಿವಿ ಮಂದವಾಯಿತೇ ಎಂದು ನಾನು ಛೇಡಿಸಿದೆ. ನಗಲಿಲ್ಲ.

ಪುಟ್ಟಿಯ ತುಂಡು ಅವನ ಹೆಂಡತಿ ಚಲುವಮ್ಮನಿಗೆ ಸಿಕ್ಕಿತು. ಅಂಗಿ ಒಗೆಯುವ ಮುಂಚೆ ಜೇಬು ತಡವಿದಾಗ ಕೈಗೆ ಬಂದದ್ದನ್ನು ತಂದು, ಇದೇನು ಕಲ್ಲು ಎಂದು ಕೇಳಿದರು. ಬಿಸಾಡು ಎಂದಿದ್ದರೆ ಆಗುತ್ತಿತ್ತು. ಅವನಿಗೆ ಬಿಸಾಡು ಎನ್ನಲು ಬಾಯಿ ಬರಲಿಲ್ಲ. ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಎಲ್ಲವನ್ನೂ ಹೇಳಿದ. ಚಲುವಮ್ಮ ಬೈಯಲಿಲ್ಲ, ಬೈಯುತ್ತಾರೆ ಎಂದು ಅವನು ಕಾದಿದ್ದ.

“ಮೊನ್ನೆ ಮೊಣ್ಣಪ್ಪಣ್ಣನ ಹೆಂಡ್ತಿ ಎದುರಿಗೆ ಸಿಕ್ಕಿದ್ರು” ಎಂದರು. “ನನ್ನ ನೋಡಿ ತಲೆ ಬಗ್ಗಿಸ್ಕೊಂಡು ಪಕ್ಕಕ್ಕೆ ಸರಿದ್ರು. ಬಗ್ಗಿಸಬೇಕಾಗಿದ್ದು ನಾನು ಅಂತ ನಂಗೆ ಗೊತ್ತಿರ್ಲಿಲ್ಲ.”

ಆ ತುಂಡನ್ನು ಅವನ ಅಂಗೈಯಲ್ಲಿಟ್ಟು ಒಗೆಯುವ ಕಲ್ಲಿನ ಕಡೆ ಹೋದರು. ಅದು ಮತ್ತೆ ಜೇಬು ಸೇರಿತು. ಇಳಿಜಾರಿನ ಮನೆಯವರೆಗೆ ಹೋಗಿ ಬರಲು ಎಷ್ಟೋ ಸಲ ಹೊರಟೆ ಎಂದು ಸಣ್ಣಸ್ವಾಮಿ ಹೇಳುತ್ತಾನೆ. ಹೊರಟು, ಕಾಲುದಾರಿ ಕವಲೊಡೆಯುವ ಹಲಸಿನ ಮರದ ತನಕ ಹೋಗಿ, ಬೈಕು ತಿರುಗಿಸಿಕೊಂಡು ಬರುತ್ತಿದ್ದ. ಹೇಡಿತನಕ್ಕೆ ನಾಚಿಕೆ, ಆ ನಾಚಿಕೆಯಿಂದ ಇನ್ನಷ್ಟು ಹೇಡಿತನ. ಹೀಗೇ ಕೈಲ್ ಮುಹೂರ್ತ ಬಂತು.

ಗದ್ದೆಯ ಕೆಲಸ ಮುಗಿದ ಮೇಲೆ ಬರುವ ನಮ್ಮ ಆಯುಧದ ಹಬ್ಬ ಇದು. ಕೋವಿ, ಕತ್ತಿ, ಗುದ್ದಲಿಗಳನ್ನೆಲ್ಲ ತಿಕ್ಕಿ ತೊಳೆದು ದೇವರ ಕೋಣೆಯಲ್ಲಿ ಸಾಲಾಗಿಟ್ಟು ಹೂ ಮುಡಿಸುತ್ತಾರೆ. ಪೂಜೆಯಾದ ಮೇಲೆ ಅವನ್ನು ಹಿರಿಯರು ಒಬ್ಬೊಬ್ಬರ ಕೈಗೆ ಎತ್ತಿಕೊಡುತ್ತಾರೆ. ನೀಲಾವತಿಯವರ ಮನೆಯಲ್ಲಿ ಮಾವನ ಕಾಲದಿಂದ ಕೋವಿಯ ಪಕ್ಕ ಜೀಪಿನ ಕೀಯನ್ನೂ ಇಡುತ್ತಾರೆ. ಅದನ್ನು ಎತ್ತಿಕೊಳ್ಳುವವರು ಮೊಣ್ಣಪ್ಪ. ಕಣ್ಣಿಗೊತ್ತಿಕೊಂಡು, ಹೋಗಿ ಜೀಪು ಚಾಲೂ ಮಾಡಿ ಕಣದಲ್ಲಿ ಒಂದು ಸುತ್ತು ಹೊಡೆಯುವರು. ಆಮೇಲೆಯೇ ಊಟ. ಕಡುಬು, ಹಂದಿಕರಿಯ ವಾಸನೆಗೆ ಕಾದು ಕೂತವರೆಲ್ಲ ಆ ಒಂದು ಸುತ್ತು ಬೇಗ ಮುಗಿಯಲಿ ಎಂದು ಪ್ರಾರ್ಥಿಸುವವರೇ.

ಆ ಸಲವೂ ಅಕ್ಕಪಕ್ಕದವರೆಲ್ಲ ಸೇರಿದ್ದೆವು. ಮೊಣ್ಣಪ್ಪನವರಿಗೂ ಹೇಳಿ ಕಳಿಸಿದ್ದರಂತೆ, ಅವರು ಬಂದಿರಲಿಲ್ಲ. ಸಣ್ಣಸ್ವಾಮಿ ಬಾಗಿಲ ಪಕ್ಕ ಗೋಡೆಗೆ ಒರಗಿ ನಿಂತಿದ್ದ. ಪೂಜೆಯಾಯಿತು. ಕೋವಿಗಳು ಕೈಗೆ ಹೋದವು, ಹೊರಗೆ ತೆಂಗಿನಕಾಯಿಗೆ ಗುರಿಯಿಡಲು ಕೆಲವರು ಎದ್ದರು. ಸಾಲಿನಲ್ಲಿ ಕೊನೆಗೆ ಕೀ ಒಂದೇ ಉಳಿಯಿತು. ನೀಲಾವತಿಯವರು ಎಲ್ಲರಿಗೂ ಕೇಳುವಂತೆ ಹೇಳಿದರು, ಈ ವರ್ಷ ಜೀಪು ಉಳಿದದ್ದು ಸಣ್ಣಸ್ವಾಮಿಯಿಂದ, ಕೀಯನ್ನು ಅವರೇ ಎತ್ತಿಕೊಳ್ಳಲಿ ಎಂದು.

ಅವನು ಕದಲಲಿಲ್ಲ. ಸಂಕೋಚ ಎಂದುಕೊಂಡು ಯಾರೋ ಬೆನ್ನಿಗೆ ಕೈಹಾಕಿ ಮುಂದೆ ನೂಕಿದರು. ದೀಪದ ಮುಂದೆ ಬಂದು ಮಂಡಿಯೂರಿದ. ಕೀಗೆ ಕೈ ಚಾಚಿದ, ಮುಟ್ಟಲಿಲ್ಲ. ಅಂಗಿಯ ಜೇಬಿನಿಂದ ಆ ಪುಟ್ಟಿಯ ತುಂಡನ್ನು ತೆಗೆದು ಕೀಯ ಪಕ್ಕ ಇಟ್ಟ.

“ಜೀಪ್ ಕೆಡಿಸಿದ್ದು ನಾನು ಅಕ್ಕ” ಎಂದ. “ಗಾಳಿ ಹೋಗೋ ಬಾಯಿಗೆ ಇದನ್ನ ಮೆತ್ತಿದ್ದೆ. ಹೆಬ್ಬೆಟ್ಟಿನ ಗುರುತು ಇನ್ನೂ ಐತೆ ನೋಡಿ. ಮೊಣ್ಣಪ್ಪಣ್ಣ ಎಲ್ಲೂ ಓಡಿಸಿಲ್ಲ. ನಾನು ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ.”

ಹೊರಗೆ ಗುಂಡು ಹಾರಿತು, ತೆಂಗಿನಕಾಯಿ ಸಿಡಿದಿರಬೇಕು, ಅಲ್ಲಿ ಕೇಕೆ ಎದ್ದಿತು. ಒಳಗೆ ನಾನು ಗೋಡೆಯ ಕಡೆ ನೋಡಿದೆ, ರೈಟರು ನೆಲದ ಕಡೆ ನೋಡಿದರು. ಸಣ್ಣಸ್ವಾಮಿ ಬಾಯಿಗೆ ಬಂದದ್ದನ್ನು ಹೇಳಿದ್ದು ಒಂದು ಸಲ. ಅದನ್ನು ಊರ ತುಂಬ ಹೊತ್ತು ತಿರುಗಿದವರು ನಾವು.

ನೀಲಾವತಿಯವರು ಆ ತುಂಡನ್ನು ಎತ್ತಿ ದೀಪದ ಬೆಳಕಿಗೆ ಹಿಡಿದು ನೋಡಿದರು. ನೋಡಿ ಕೆಳಗಿಟ್ಟರು.

“ಎರಡನೇ ಸಲ ಸೋರಿದಾಗ ಮಡಿಕೇರಿಗೆ ಕಳಿಸ್ತೇನೆ, ಈ ಸಣ್ಣಸ್ವಾಮಿ ಸಾಕು ಅಂತ ಹೇಳಿದ್ದೆ ನಾನು. ಬೇಡ, ಆ ಕೈ ತಪ್ಪು ಮಾಡುವ ಕೈ ಅಲ್ಲ ಅಂತ ನನ್ನನ್ನು ತಡೆದವರು ಯಾರು ಗೊತ್ತುಂಟಾ? ಮೊಣ್ಣಪ್ಪಣ್ಣ.”

ಸಣ್ಣಸ್ವಾಮಿ ಎರಡೂ ಅಂಗೈಯನ್ನು ನೆಲಕ್ಕೂರಿ ಹಾಗೇ ಕೂತುಬಿಟ್ಟ. ಅಳುತ್ತಾನೇನೋ ಎಂದುಕೊಂಡೆ, ಅಳಲಿಲ್ಲ.

ಕೀಯನ್ನು ನೀಲಾವತಿಯವರೇ ಎತ್ತಿಕೊಂಡರು. ಊಟ ಕಾಯಲಿ ಎಂದು ಹೇಳಿ ಸೀರೆಯ ಸೆರಗು ಸಿಕ್ಕಿಸಿಕೊಂಡು ಕಾಲುದಾರಿ ಹಿಡಿದರು. ಹಿಂದೆ ಸಣ್ಣಸ್ವಾಮಿ, ಅವನ ಹಿಂದೆ ಕರೆಯದಿದ್ದರೂ ನಾನು. ಹಲಸಿನ ಮರದ ಕವಲಿನಲ್ಲಿ ಅವನ ನಡಿಗೆ ನಿಧಾನವಾಯಿತು, ನಿಲ್ಲಲಿಲ್ಲ.

ಮೊಣ್ಣಪ್ಪನವರ ಜಗಲಿಯಲ್ಲಿ ಹಲಗೆಯೊಂದರ ಮೇಲೆ ಅವರ ಕತ್ತಿ, ಗುದ್ದಲಿ, ಒಂದು ಹಳೆಯ ಸ್ಪ್ಯಾನರು ಹೂ ಮುಡಿದು ಕೂತಿದ್ದವು. ನಮ್ಮನ್ನು ಕಂಡು ಎದ್ದು ನಿಂತು, ಮಾಲೀಕರು ಬಂದರೆಂದು ಒಳಗಿಂದ ಕುರ್ಚಿ ತರಿಸಲು ಹೊರಟರು. ನೀಲಾವತಿಯವರು ಕೂರಲಿಲ್ಲ. ನಾನು ಕೇಳಬೇಕಿತ್ತು ಮೊಣ್ಣಪ್ಪಣ್ಣ, ಕೇಳದೆ ಕೀ ತೆಗೆದುಕೊಂಡೆ, ತಪ್ಪಾಯಿತು ಎಂದರು. ಬಿಗಿ ಮಾತಿನ ಆ ಹೆಂಗಸಿನ ಬಾಯಲ್ಲಿ ಆ ಮಾತನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಮೊಣ್ಣಪ್ಪ ಎರಡೂ ಕೈಯಲ್ಲಿ ಕೀಯನ್ನು ಈಸಿಕೊಂಡು ಕಣ್ಣಿಗೊತ್ತಿಕೊಂಡರು. ಆಮೇಲೆ ಸಣ್ಣಸ್ವಾಮಿ ಪುಟ್ಟಿಯ ಕತೆ ಹೇಳಿದ. ತಡವರಿಸಿ ಹೇಳಿದ, ಆದರೆ ಏನನ್ನೂ ಬಿಡಲಿಲ್ಲ. ಗುಂಡಿಯೊಳಗಿಂದ ಕರೆಯದೆ ಸುಮ್ಮನಿದ್ದದ್ದನ್ನೂ ಹೇಳಿದ.

ಮೊಣ್ಣಪ್ಪ ಕೇಳಿದ್ದು ಒಂದೇ.

“ಈಗ ಸೋರೋದು ನಿಂತಿದ್ಯಾ?”

“ನಿಂತಿದೆ ಮೊಣ್ಣಪ್ಪಣ್ಣ.”

ಅವರು ತಲೆಯಾಡಿಸಿದರು. ಕೀಯನ್ನು ಅಂಗೈಯಲ್ಲಿ ಹೊರಳಿಸುತ್ತ ಸಣ್ಣಸ್ವಾಮಿಯ ಕಡೆ ತಿರುಗಿದರು.

“ಭಾನುವಾರ ಜೀಪು ಎಲ್ಲಿಗೆ ಹೋಗ್ತದೆ ಅಂತ ನೀವಾದ್ರೂ ನನ್ನನ್ನು ಕೇಳ್ಬಹುದಿತ್ತು” ಎಂದರು. “ಎಲ್ಲಿಗೂ ಹೋಗ್ತಿರ್ಲಿಲ್ಲ. ಇಲ್ಲಿ ನೀರಿದೆಯಲ್ಲ, ತೊಳೀತಿದ್ದೆ.”

ಜಗಲಿಯ ಮುಂದೆ ಚಪ್ಪಡಿ ಹಾಸಿದ ಜಾಗ, ಅಂಚಿನಲ್ಲಿ ಉಜ್ಜಿ ಉಜ್ಜಿ ಸವೆದ ಒಂದು ಬ್ರಷ್ಷು. ಅಲ್ಲಿಂದ ಹಿಂತಿರುಗುವಾಗ ಮೊಣ್ಣಪ್ಪ ಮುಂದೆ ನಡೆದರು, ಕಣದಲ್ಲಿ ಜೀಪು ಒಂದು ಸುತ್ತು ಬಂತು, ನಾವೆಲ್ಲ ಆರಿದ ಕಡುಬು ತಿಂದೆವು. ಸಣ್ಣಸ್ವಾಮಿಯ ಎಲೆಗೆ ಮೊಣ್ಣಪ್ಪನವರೇ ಬಡಿಸಿದರು. ಅವನು ಎಲೆಯಿಂದ ಕಣ್ಣೆತ್ತಲಿಲ್ಲ.

ಈಗ ಅವನ ಶೀಟಿನಡಿ ಮೇಣದ ಡಬ್ಬಿ ಮತ್ತೆ ಬಂದಿದೆ. ಮಾತು ಅರ್ಧಕ್ಕಿಳಿದಿದೆ. ಜೂನ್‌ನಲ್ಲಿ ಯಾರಾದರೂ ಇದನ್ನೇಕೆ ಇನ್ನೂ ಹಾಕುತ್ತೀರಿ ಎಂದು ಕೇಳಿದರೆ ಕಾರಣವನ್ನು ಬಿಡಿಸಿ ಹೇಳುತ್ತಾನೆ, ಜೊತೆಗೆ ಮೊಣ್ಣಪ್ಪನವರ ಕತೆಯನ್ನೂ ತಾನಾಗಿ ಹೇಳುತ್ತಾನೆ. ಕೇಳಿದವರು ಪಾಪ ಎಂದರೆ ಸಿಟ್ಟಾಗುತ್ತಾನೆ.

ಮೊಣ್ಣಪ್ಪ ಜೀಪನ್ನು ಅವನ ಬಳಿಯೇ ತರುತ್ತಾರೆ, ಬೇರೆ ಕಡೆ ಕೊಂಡೊಯ್ದಿಲ್ಲ. ಮೊದಲಿನ ಹಾಗೆಯೇ ಆಯಿತೇ ಎಂದು ಕೇಳುತ್ತಾರೆ, ಇವನು ಆಯಿತು ಎನ್ನುತ್ತಾನೆ. ಆದರೆ ಮೊಣ್ಣಪ್ಪ ಕೀಗೆ ಕೈ ಚಾಚುವುದಿಲ್ಲ. ನೋಯುವ ಮಂಡಿಯನ್ನು ಕೈಯಲ್ಲಿ ಹಿಡಿದುಕೊಂಡು ಮೆಲ್ಲಗೆ ಬಗ್ಗುತ್ತಾರೆ, ಜೀಪಿನಡಿಗೆ ತಲೆ ಹಾಕಿ ಸೀಲಿನ ಸುತ್ತ ಬೆರಳು ಸವರಿ, ಆ ಬೆರಳನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ಅವರು ನೋಡಿ ಮುಗಿಯುವ ತನಕ ಸಣ್ಣಸ್ವಾಮಿ ಪಕ್ಕದಲ್ಲಿ ಟಾರ್ಚು ಹಿಡಿದು ನಿಂತಿರುತ್ತಾನೆ.